ಮನೆಯ ಗಣಕಯಂತ್ರ, ಅಂಗಡಿಯ ಬಿಲ್ಲು

ದಾವಣಗೆರೆ ಮತ್ತು ಹರಿಹರದ ವರ್ತಕರ ಮನೆಗಳಲ್ಲಿ ಈಗ ಒಂದು ಹೊಸ ಬಗೆಯ ಖರೀದಿ ಕಾಣಿಸಿಕೊಂಡಿದೆ. ಇಂಜಿನಿಯರಿಂಗ್ ಓದುತ್ತಿರುವ ಮಗನೋ, ಉದ್ಯೋಗಕ್ಕೆ ಸೇರಿದ ಮಗಳೋ ಸಿದ್ಧ ಕಂಪ್ಯೂಟರನ್ನು ಒಪ್ಪದೆ, ಪ್ರೊಸೆಸರ್, ಮದರ್‌ಬೋರ್ಡ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್, ಎಸ್‌ಎಂಪಿಎಸ್, ಕ್ಯಾಬಿನೆಟ್ ಎಂದು ಒಂದೊಂದನ್ನೂ ಬೇರೆ ಬೇರೆ ಕಡೆಯಿಂದ ಆರಿಸಿ ತರಿಸಿಕೊಂಡು, ಊಟದ ಮೇಜಿನ ಮೇಲೆ ಹರಡಿಕೊಂಡು ತಾವೇ ಜೋಡಿಸುತ್ತಾರೆ. ಮೊತ್ತವು ಒಂದೂವರೆ ಲಕ್ಷದಿಂದ ಆರಂಭವಾಗಿ ಮೂರು, ನಾಲ್ಕು ಲಕ್ಷವನ್ನು ಮುಟ್ಟುವುದುಂಟು. ಹಣ ಹೋಗುವುದು ಎಷ್ಟೋ ಸಲ ತಂದೆಯ ಸಂಸ್ಥೆಯ ಖಾತೆಯಿಂದ. ಬಿಲ್ಲು ಬರುವುದು ಸಂಸ್ಥೆಯ ಜಿಎಸ್‌ಟಿ ಸಂಖ್ಯೆಗೆ. ಹವ್ಯಾಸವು ಪ್ರೋತ್ಸಾಹಕ್ಕೆ ಅರ್ಹವಾದುದು. ಬಿಲ್ಲು ಮಾತ್ರ ತಪ್ಪು ವಿಳಾಸಕ್ಕೆ ಬರುತ್ತಿದೆ. ಇದರಿಂದ ಹೊರಗಿನವರು ಊಹಿಸುವುದಕ್ಕಿಂತ ಹೆಚ್ಚಿನ ನಷ್ಟ ಕೊಳ್ಳುವವರಿಗೂ ಇದೆ, ಸ್ಥಳೀಯ ಮಾರಾಟಗಾರರಿಗೂ ಇದೆ.

ಬಿಡಿಭಾಗಗಳಿಂದ ಕಂಪ್ಯೂಟರ್ ಕಟ್ಟುವುದು ಹೊಸದೇನಲ್ಲ. 1981ರಲ್ಲಿ ಐಬಿಎಂ ಕಂಪನಿಯು ತನ್ನ ಪರ್ಸನಲ್ ಕಂಪ್ಯೂಟರನ್ನು ಬಿಡುಗಡೆ ಮಾಡಿದಾಗ ಅದರ ಒಳರಚನೆಯ ವಿವರಗಳನ್ನು ಪ್ರಕಟಿಸಿ, ಇತರರೂ ಅದಕ್ಕೆ ಹೊಂದುವ ಕಾರ್ಡುಗಳನ್ನು ತಯಾರಿಸಲು ದಾರಿ ಬಿಟ್ಟಿತು. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡವು ಮದರ್‌ಬೋರ್ಡಿನ ಅಳತೆ, ಸ್ಕ್ರೂ ರಂಧ್ರಗಳ ಜಾಗ, ವಿದ್ಯುತ್ ಜೋಡಣೆಗಳನ್ನು ನಿಗದಿಪಡಿಸಿತು. ತೈವಾನಿನ ಒಂದು ಕಂಪನಿಯ ಬೋರ್ಡು ಚೀನಾದ ಇನ್ನೊಂದು ಕಂಪನಿಯ ಕ್ಯಾಬಿನೆಟ್ಟಿನಲ್ಲಿ ಇಂದಿಗೂ ಸರಿಯಾಗಿ ಕೂರುವುದು ಈ ಕಾರಣದಿಂದಲೇ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಸ್ಸಿನಲ್ಲಿ ಬಂದ ಬಿಡಿಭಾಗಗಳಿಂದ ಜಿಲ್ಲಾ ಕೇಂದ್ರಗಳ ಅಂಗಡಿಗಳಲ್ಲಿ ಯಂತ್ರ ಸಿದ್ಧವಾಗುತ್ತಿತ್ತು. ಆಗ ಅದನ್ನು ಕೊಳ್ಳುತ್ತಿದ್ದುದು ಅಗ್ಗವೆಂಬ ಒಂದೇ ಕಾರಣಕ್ಕೆ. ಬ್ರಾಂಡೆಡ್ ಯಂತ್ರದ ಬೆಲೆಗೂ ಅಸೆಂಬಲ್ಡ್ ಯಂತ್ರದ ಬೆಲೆಗೂ ಅಷ್ಟೊಂದು ಅಂತರವಿತ್ತು.

ಆ ಲೆಕ್ಕ ಈಗ ತಲೆಕೆಳಗಾಗಿದೆ. ಮಾಹಿತಿ ತಂತ್ರಜ್ಞಾನ ಉತ್ಪನ್ನಗಳ ಮೇಲಿನ ಸುಂಕ ಕುರಿತ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತವು 1997ರಲ್ಲಿ ಸೇರಿದ ಮೇಲೆ ಹಂತಹಂತವಾಗಿ ಆಮದು ಸುಂಕ ಇಳಿಯಿತು. ಬ್ರಾಂಡೆಡ್ ಯಂತ್ರಗಳೂ ಅಗ್ಗವಾದವು. ಬೆಂಗಳೂರಿನ ವಿಪ್ರೊ ಸಂಸ್ಥೆಯೇ 2013ರಲ್ಲಿ ಕಂಪ್ಯೂಟರ್ ತಯಾರಿಕೆಯಿಂದ ಹಿಂದೆ ಸರಿಯಿತು. ಇಂದು ಸಾಮಾನ್ಯ ಕಚೇರಿ ಕೆಲಸಕ್ಕೆ ಯಂತ್ರ ಬೇಕಾದವರು ಸಿದ್ಧ ಯಂತ್ರವನ್ನು ಕೊಳ್ಳುವುದೇ ಲೇಸು. ಬಿಡಿಭಾಗಗಳಿಂದ ಕಟ್ಟುವುದು ಅರ್ಥಪೂರ್ಣವಾಗುವುದು ಮೇಲ್ದರ್ಜೆಯ ಯಂತ್ರದಲ್ಲಿ ಮಾತ್ರ. ಅಲ್ಲಿ ಉಳಿತಾಯ ಮುಖ್ಯವಲ್ಲ. ಯಾವ ಭಾಗಕ್ಕೆ ಎಷ್ಟು ಹಣ ಹಾಕಬೇಕೆಂಬ ನಿರ್ಧಾರ ಕೊಳ್ಳುವವನ ಕೈಯಲ್ಲಿರುತ್ತದೆ, ಕೆಟ್ಟ ಭಾಗವನ್ನಷ್ಟೇ ಬದಲಾಯಿಸಬಹುದು, ಮೂರು ವರ್ಷಗಳ ನಂತರ ಕ್ಯಾಬಿನೆಟ್ಟನ್ನೂ ಎಸ್‌ಎಂಪಿಎಸ್ಸನ್ನೂ ಹಾಗೆಯೇ ಉಳಿಸಿಕೊಂಡು ಉಳಿದುದನ್ನು ಮೇಲೇರಿಸಬಹುದು.

ಇದನ್ನು ಆಟಿಕೆಯ ಹುಚ್ಚೆಂದು ತಳ್ಳಿಹಾಕುವ ಹಿರಿಯರು ಹರಿಹರದ ಇತಿಹಾಸವನ್ನು ಒಮ್ಮೆ ನೆನೆಯಬೇಕು. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಲೇತಿನ ಬೆಡ್ಡಿನ ಮಟ್ಟವನ್ನು ಕೈಯಿಂದ ಕೆರೆದು ಸರಿಪಡಿಸುವ ಫಿಟ್ಟರುಗಳ ಕೆಲಸವನ್ನು ಕಂಡವರಿಗೆ ಸಾವಿರಕ್ಕೂ ಹೆಚ್ಚು ಸೂಜಿಮೊನೆಯಂಥ ಪಿನ್ನುಗಳ ಸಾಕೆಟ್ಟಿನಲ್ಲಿ ಪ್ರೊಸೆಸರನ್ನು ಕೂರಿಸುವ ಯುವಕನ ಎಚ್ಚರಿಕೆ ಅಪರಿಚಿತವೆನಿಸದು. ಎರಡು ಸಾವಿರದ ದಶಕದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿಹೋಯಿತು. ದಾವಣಗೆರೆಯಲ್ಲಿ 1951ರಿಂದ ಬಿಡಿಟಿ ಕಾಲೇಜು, 1979ರಿಂದ ಬಾಪೂಜಿ ಕಾಲೇಜು ಇಂಜಿನಿಯರುಗಳನ್ನು ತಯಾರಿಸುತ್ತಿವೆ. ಆದರೂ ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಅವಕಾಶ ಅವರಿಗೆ ಸಿಗುವುದು ಅಪರೂಪ. ಮೊದಲ ಸಲ ಗುಂಡಿ ಒತ್ತಿದಾಗ ಪರದೆ ಕಪ್ಪಾಗಿಯೇ ಉಳಿದು, ಮೆಮೊರಿ ಸರಿಯಾಗಿ ಕೂತಿಲ್ಲವೋ, ಬಯಾಸ್ ಹಳೆಯದೋ, ಪ್ರೊಸೆಸರಿನ ವಿದ್ಯುತ್ ತಂತಿ ಮರೆತುಹೋಗಿದೆಯೋ ಎಂದು ಒಂದೊಂದನ್ನೇ ಬಿಡಿಸಿ ಹುಡುಕುವ ಆ ರಾತ್ರಿಯ ಪಾಠ ಯಾವ ಪ್ರಯೋಗಶಾಲೆಯಲ್ಲೂ ದೊರೆಯುವುದಿಲ್ಲ.

ಹಾಗೆಂದು ಎಲ್ಲ ಖರ್ಚೂ ಸಮರ್ಥನೀಯವಲ್ಲ. ಲೆಕ್ಕಪತ್ರದ ಟ್ಯಾಲಿ ತಂತ್ರಾಂಶಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿದಾಗ ಅನೇಕ ಮಳಿಗೆಗಳು ಹೊಸ ಯಂತ್ರ ಕೊಳ್ಳಬೇಕಾಯಿತು. ಆ ಅಗತ್ಯಕ್ಕೆ ಸಾಧಾರಣ ಬೆಲೆಯ ಯಂತ್ರ ಧಾರಾಳವಾಗಿ ಸಾಕು. ಅದೇ ನೆಪದಲ್ಲಿ ಮಂಡಿಯ ಗುಮಾಸ್ತರ ಹೆಸರಿನಲ್ಲಿ ಮೂರು ಲಕ್ಷದ ಯಂತ್ರ ಬಂದು ಮನೆಯ ಮಹಡಿ ಏರಿದರೆ ಅದನ್ನು ವ್ಯವಹಾರದ ಅಗತ್ಯವೆಂದು ಯಾರೂ ನಂಬರು.

ಮೇಲ್ದರ್ಜೆಯ ಯಂತ್ರದ ಖರ್ಚು ಬಿಡಿಭಾಗಗಳ ಪಟ್ಟಿಯೊಂದಿಗೆ ಮುಗಿಯುವುದೂ ಇಲ್ಲ. 2025ರ ಜನವರಿಯಲ್ಲಿ ಬಂದ ಎನ್‌ವಿಡಿಯಾ ಆರ್‌ಟಿಎಕ್ಸ್ 5090 ಕಾರ್ಡಿಗೆ ಭಾರತದಲ್ಲಿ ಘೋಷಿತ ಆರಂಭಿಕ ಬೆಲೆ 2,14,000 ರೂಪಾಯಿ. ಅದೊಂದೇ ಗರಿಷ್ಠ 575 ವ್ಯಾಟ್ ವಿದ್ಯುತ್ತನ್ನು ಎಳೆಯುತ್ತದೆ. ಹದಿನಾರು ಕೋರಿನ ಪ್ರೊಸೆಸರ್ ಜೊತೆಗೂಡಿದರೆ 1000 ವ್ಯಾಟಿನ ಎಸ್‌ಎಂಪಿಎಸ್ ಅನಿವಾರ್ಯವಾಗುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ದೊರೆಯುವ 600 ವಿಎ ಯುಪಿಎಸ್ ನಿಜವಾಗಿ ಹೊರುವುದು ಸುಮಾರು 360 ವ್ಯಾಟ್ ಮಾತ್ರ. ಎರಡು ಲಕ್ಷದ ಕಾರ್ಡಿಗೆ ಮೂರು ಸಾವಿರದ ಯುಪಿಎಸ್ ಜೋಡಿಸಿದರೆ ವಿದ್ಯುತ್ ಹೋದ ಕ್ಷಣದಲ್ಲೇ ಯಂತ್ರವೂ ಆರುತ್ತದೆ. ಇಂಥ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿನೊಂದಿಗೆ ಹೊಂದಿಕೊಳ್ಳುವುದೂ ಇಲ್ಲ. ಶುದ್ಧ ಸೈನ್ ವೇವ್ ನೀಡುವುದನ್ನೇ ಆರಿಸಬೇಕು.

ಅದಕ್ಕೂ ಮೊದಲು ನೋಡಬೇಕಾದದ್ದು ಅರ್ಥಿಂಗ್. ಹಳೆಯ ಪೇಟೆಯ ಎಷ್ಟೋ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇರುತ್ತದೆ, ಮೂರನೆಯ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ ಎಂದು ದೂರುವವರಿಗೆ ಅಂಗಡಿಯವನು ಕಾರಣವಲ್ಲ. ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಅರ್ಥಿಂಗ್ ಅಳೆಸಿ ಸರಿಪಡಿಸಿಕೊಳ್ಳಲು ತಗಲುವ ಹಣ ಒಂದು ಬಣ್ಣದ ದೀಪದ ಫ್ಯಾನ್ ಸೆಟ್ಟಿಗಿಂತ ಬಹಳ ಹೆಚ್ಚೇನೂ ಆಗದು. ದಾವಣಗೆರೆಯ ಧೂಳೂ ಬೇಸಗೆಯ ಬಿಸಿಲೂ ಲೆಕ್ಕಕ್ಕೆ ಸೇರಬೇಕು. ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿಗಳ ಸಮೀಪದ ಮನೆಯಲ್ಲಿ ಹೊಟ್ಟು, ಮಸಿ ಕೂಡಿದ ಧೂಳು ಕೆಲವೇ ತಿಂಗಳಲ್ಲಿ ರೇಡಿಯೇಟರಿನ ರೆಕ್ಕೆಗಳನ್ನು ಮುಚ್ಚುತ್ತದೆ. ಗಾಳಿಯನ್ನು ಹೊರದಬ್ಬುವ ಫ್ಯಾನುಗಳಿಗಿಂತ ಜಾಲರಿಯ ಮೂಲಕ ಒಳಗೆ ಎಳೆಯುವ ಫ್ಯಾನುಗಳು ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆಯಾಗುತ್ತದೆ. ಗಾಜಿನ ಮುಂಬದಿಯ ಕ್ಯಾಬಿನೆಟ್ ನೋಡಲು ಚೆಂದ, ಈ ಊರಿಗೆ ಮಾತ್ರ ಜಾಲರಿಯ ಮುಂಬದಿಯೇ ಸರಿ. ವಿದ್ಯುತ್ತಿನ ಲೆಕ್ಕ ಇನ್ನೂ ಸರಳ: ಸರಾಸರಿ 700 ವ್ಯಾಟಿನಂತೆ ದಿನಕ್ಕೆ ಐದು ಗಂಟೆ ಓಡಿಸಿದರೆ ತಿಂಗಳಿಗೆ 105 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್ ಎಂಬುದನ್ನು ಮನೆಯ ಯಜಮಾನರು ಮರೆಯಬಾರದು.

ಇನ್ನು ಬಿಲ್ಲಿನ ವಿಷಯ. ಪ್ರಲೋಭನೆ ಎಷ್ಟೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೂರು ಲಕ್ಷ ರೂಪಾಯಿಯ ಯಂತ್ರದ ಮೇಲೆ ಶೇಕಡಾ 18ರಂತೆ ಜಿಎಸ್‌ಟಿ 54,000. ಸಂಸ್ಥೆಯ ಸಂಖ್ಯೆಗೆ ಬಿಲ್ಲು ಪಡೆದರೆ ಅಷ್ಟೂ ಹೂಡುವಳಿ ತೆರಿಗೆಯಾಗಿ ಜಮೆಯಾಗುತ್ತದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಸವಕಳಿಯ ದರ ಶೇಕಡಾ 40. ಹಿಂದೆ ಅದು ಶೇಕಡಾ 60 ಇದ್ದು, 2017ರ ಏಪ್ರಿಲಿನಿಂದ ಇಳಿಯಿತು. ಮೊದಲ ವರ್ಷ 1,20,000 ರೂಪಾಯಿ ಸವಕಳಿ. ಶೇಕಡಾ 30ರ ತೆರಿಗೆ ಹಂತದಲ್ಲಿರುವವರಿಗೆ 36,000 ಉಳಿತಾಯ. ಎರಡನ್ನೂ ಕೂಡಿಸಿದರೆ ಮೊದಲ ವರ್ಷವೇ 90,000 ರೂಪಾಯಿ. ಮನೆಯ ಯಂತ್ರವನ್ನು ಅಂಗಡಿಯ ಯಂತ್ರವೆಂದು ಬರೆಯಲು ಮನಸ್ಸು ಎಳೆಯುವುದು ಸಹಜವೇ.

ಆದರೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 17ನೇ ಕಲಮು ಈ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆಗೊಟ್ಟಿಲ್ಲ. ವೈಯಕ್ತಿಕ ಉಪಭೋಗಕ್ಕೆ ಬಳಸಿದ ಸರಕಿನ ಮೇಲೆ ತೆರಿಗೆ ಜಮೆ ಇಲ್ಲ; ಭಾಗಶಃ ವ್ಯವಹಾರಕ್ಕೆ ಬಳಸಿದರೆ ಆ ಭಾಗಕ್ಕೆ ಮಾತ್ರ. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಯ ಮೇಲೆ ವಾರ್ಷಿಕ ಶೇಕಡಾ 18ರ ಬಡ್ಡಿ, ಮೇಲೆ ದಂಡ. ಒಣಮೆಣಸಿನಕಾಯಿ ಅಥವಾ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯ ಆಸ್ತಿ ಪಟ್ಟಿಯಲ್ಲಿ 32 ಜಿಬಿ ಗ್ರಾಫಿಕ್ಸ್ ಕಾರ್ಡ್ ಏಕಿದೆ ಎಂದು ಪ್ರಶ್ನಿಸಲು ಅಧಿಕಾರಿಗೆ ವಿಶೇಷ ಜಾಣ್ಮೆ ಬೇಕಿಲ್ಲ; ಪ್ರತಿಯೊಂದು ಬಿಲ್ಲೂ ಸಂಸ್ಥೆಯ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ತಾನಾಗಿಯೇ ಮೂಡಿರುತ್ತದೆ.

ಇದಕ್ಕಿಂತ ಕಡಿಮೆ ಗಮನಕ್ಕೆ ಬಂದಿರುವ ಮತ್ತೊಂದು ಅಂಶವಿದೆ. 2020ರ ಜುಲೈನಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಾಣಿಜ್ಯ ಉದ್ದೇಶಕ್ಕೆ ಸರಕು ಕೊಂಡವನು ಸಾಮಾನ್ಯವಾಗಿ ಗ್ರಾಹಕನೆನಿಸುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನೋಪಾಯ ನಡೆಸಲು ಕೊಂಡವನಿಗೆ ಮಾತ್ರ ವಿನಾಯಿತಿ. ಅದೇ ಕಾಯ್ದೆಯು ಗ್ರಾಹಕನಿಗೆ ತಾನು ವಾಸಿಸುವ ಊರಿನಲ್ಲೇ ದೂರು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ದೆಹಲಿಯ ಮಾರಾಟಗಾರ ದೋಷಪೂರಿತ ಕಾರ್ಡು ಕಳುಹಿಸಿದರೆ ಹರಿಹರದ ಹುಡುಗ ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲೇರಬಹುದು. ಬಿಲ್ಲಿನಲ್ಲಿ ತಂದೆಯ ಟ್ರೇಡಿಂಗ್ ಕಂಪನಿಯ ಹೆಸರೂ ಜಿಎಸ್‌ಟಿ ಸಂಖ್ಯೆಯೂ ಇದ್ದರೆ ಎದುರು ಪಕ್ಷದ ವಕೀಲರ ಮೊದಲ ಆಕ್ಷೇಪಣೆ ಏನಾಗಿರುತ್ತದೆಂದು ಹೇಳಬೇಕಾಗಿಲ್ಲ. 54,000 ರೂಪಾಯಿಯ ಆಸೆಗೆ ಎರಡು ಲಕ್ಷದ ಕಾರ್ಡಿನ ಮೇಲಿನ ಹಕ್ಕನ್ನು ದುರ್ಬಲಗೊಳಿಸಿಕೊಳ್ಳುವ ವ್ಯಾಪಾರ ಇದು.

ವ್ಯವಹಾರಕ್ಕೇ ಮೇಲ್ದರ್ಜೆಯ ಯಂತ್ರ ಬೇಕಾದವರೂ ಇದ್ದಾರೆ. ಮದುವೆಯ ವಿಡಿಯೊ ಸಂಕಲಿಸುವ ಸ್ಟುಡಿಯೊ, ಕಟ್ಟಡ ವಿನ್ಯಾಸಕರ ಕಚೇರಿ, ಫ್ಲೆಕ್ಸ್ ಮುದ್ರಣಾಲಯ, ಮೂರು ಆಯಾಮದ ನಕ್ಷೆ ತೆಗೆಯುವ ಯಂತ್ರಭಾಗಗಳ ಕಾರ್ಯಾಗಾರ, ಇವರು ನಿಸ್ಸಂಕೋಚವಾಗಿ ಸಂಸ್ಥೆಯ ಹೆಸರಿನಲ್ಲೇ ಕೊಳ್ಳಬೇಕು, ತೆರಿಗೆ ಜಮೆಯನ್ನೂ ಸವಕಳಿಯನ್ನೂ ಪಡೆಯಬೇಕು. ಆದರೆ ಎರಡು ಎಚ್ಚರಿಕೆ. ತೆರಿಗೆಯ ಮೊತ್ತವನ್ನು ಜಮೆ ಪಡೆದ ಮೇಲೆ ಅದರ ಮೇಲೆ ಸವಕಳಿ ಕೇಳುವಂತಿಲ್ಲ. ಒಬ್ಬ ಮಾರಾಟಗಾರನಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೇ ಸೇರುವುದಿಲ್ಲ. ಮಾರ್ಚಿ ತಿಂಗಳ ಅವಸರದಲ್ಲಿ ಕೊಂಡ ಯಂತ್ರಕ್ಕೆ ಆ ವರ್ಷ ಸಿಗುವುದು ಅರ್ಧ ಸವಕಳಿ ಮಾತ್ರ ಎಂಬುದು ವರ್ತಕರಿಗೆಲ್ಲ ತಿಳಿದದ್ದೇ.

ಸಂಸ್ಥೆಯ ಹೆಸರಿನ ಬಿಲ್ಲಿಗಿಂತ ಕೆಟ್ಟದ್ದೆಂದರೆ ಬಿಲ್ಲೇ ಇಲ್ಲದ ಖರೀದಿ. ‘ಬಿಲ್ಲು ಬೇಡವೆಂದರೆ ಹದಿನೆಂಟು ಪರ್ಸೆಂಟು ಉಳಿಯಿತು’ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಸಿದ್ಧ ಯಂತ್ರಕ್ಕೆ ಒಂದು ವಾರಂಟಿ. ಕೈಯಿಂದ ಕಟ್ಟಿದ ಯಂತ್ರಕ್ಕೆ ಏಳೆಂಟು. ಡಬ್ಬಿಯಲ್ಲಿ ಬರುವ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿಗೆ ಮೂರು ವರ್ಷ, ಉತ್ತಮ ಎಸ್‌ಎಂಪಿಎಸ್‌ಗೆ ಹತ್ತು ವರ್ಷದವರೆಗೆ, ಮದರ್‌ಬೋರ್ಡಿಗೂ ಎಸ್‌ಎಸ್‌ಡಿಗೂ ಬೇರೆ ಬೇರೆ ಅವಧಿ. ಪ್ರತಿಯೊಂದಕ್ಕೂ ಕಂಪನಿ ಕೇಳುವುದು ಸೀರಿಯಲ್ ಸಂಖ್ಯೆಯನ್ನೂ ಬಿಲ್ಲನ್ನೂ. ಡಬ್ಬಿಯಿಲ್ಲದ ಟ್ರೇ ಪ್ರೊಸೆಸರ್ ಸ್ವಲ್ಪ ಅಗ್ಗ, ಆದರೆ ಅದರ ಹೊಣೆ ಮಾರಿದವನದು, ತಯಾರಕನದಲ್ಲ. ಇಂಟೆಲ್ ಕಂಪನಿಯ 13 ಮತ್ತು 14ನೇ ಪೀಳಿಗೆಯ ಕೆಲವು ಮೇಲ್ದರ್ಜೆಯ ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಕ್ರಮೇಣ ಹದಗೆಡುತ್ತಿದ್ದುದು 2024ರಲ್ಲಿ ದೃಢಪಟ್ಟಾಗ ಕಂಪನಿಯು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಡಬ್ಬಿಯನ್ನೂ ಬಿಲ್ಲನ್ನೂ ಇಟ್ಟುಕೊಂಡವರಿಗೆ ಅದರ ಲಾಭ ಸುಲಭವಾಗಿ ದೊರೆಯಿತು.

ಈಗ ಸ್ಥಳೀಯ ಮಾರಾಟಗಾರರ ಪಾಲು. ಈ ಹವ್ಯಾಸಿಗಳು ಬೆಂಗಳೂರಿಗೆ 260 ಕಿಲೋಮೀಟರ್ ಹೋಗುವುದು ಅಥವಾ ಆನ್‌ಲೈನಿನಲ್ಲಿ ತರಿಸಿಕೊಳ್ಳುವುದು ಬೆಲೆಯ ಕಾರಣಕ್ಕಷ್ಟೇ ಎಂದು ಭಾವಿಸಿರುವ ಅಂಗಡಿಕಾರರು ತಪ್ಪು ತಿಳಿದಿದ್ದಾರೆ. ಅಂಗಡಿಗೆ ಬಂದ ಯುವಕನಿಗೆ ‘ಐ7 ಯಂತ್ರ, ಒಟ್ಟು ಇಷ್ಟು’ ಎಂದು ಒಂದೇ ಸಾಲಿನ ಕೊಟೇಶನ್ ಕೊಟ್ಟರೆ ಆತ ತಿರುಗಿ ಬರುವುದಿಲ್ಲ. ಆತನಿಗೆ ಯಾವ ಮದರ್‌ಬೋರ್ಡು, ಯಾವ ಮೆಮೊರಿ, ಯಾವ ಎಸ್‌ಎಂಪಿಎಸ್ ಎಂಬುದು ಮಾದರಿ ಸಂಖ್ಯೆಯ ಸಹಿತ ಬೇಕು. ಒಂದೇ ಸಾಲಿನ ಬಿಲ್ಲಿಗೆ ಹಿಂದೆ ತೆರಿಗೆಯ ನೆಪವಿತ್ತು: 32 ಅಂಗುಲಕ್ಕಿಂತ ದೊಡ್ಡ ಮಾನಿಟರಿಗೆ 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಶೇಕಡಾ 28, ಉಳಿದ ಯಂತ್ರಕ್ಕೆ 18. ಈಗ ಎರಡಕ್ಕೂ 18. ಪ್ರತಿ ಭಾಗವನ್ನೂ ಅದರ ಸೀರಿಯಲ್ ಸಂಖ್ಯೆಯೊಂದಿಗೆ ಬೇರೆ ಸಾಲಿನಲ್ಲಿ ಬರೆಯಲು ಹತ್ತು ನಿಮಿಷ ಹೆಚ್ಚು ಬೇಕಾದೀತು, ಅಷ್ಟೆ. ಜೋಡಣೆಯ ಕೂಲಿಯನ್ನೂ ಬಿಡಿಭಾಗದ ಬೆಲೆಯಲ್ಲಿ ಅಡಗಿಸದೆ ಬಹಿರಂಗವಾಗಿ ಬರೆಯುವುದು ಒಳ್ಳೆಯದು. ಕಾರ್ಡಿನ ಬೆಲೆಯನ್ನು ಮೊಬೈಲಿನಲ್ಲಿ ಹೋಲಿಸಿ ನೋಡುವ ಗಿರಾಕಿಯು ಸಾವಿರ ರೂಪಾಯಿ ಅಧಿಕ ಕಂಡರೆ ಎದ್ದು ಹೋಗುತ್ತಾನೆ. ಎರಡು ಸಾವಿರ ಜೋಡಣೆ ಶುಲ್ಕವೆಂದು ಪ್ರತ್ಯೇಕವಾಗಿ ಬರೆದರೆ, ಆ ಕೆಲಸ ಕಣ್ಣೆದುರು ಅಚ್ಚುಕಟ್ಟಾಗಿ ನಡೆದರೆ, ಕೊಡುತ್ತಾನೆ. ರಾಜಿ ತೆರಿಗೆಯ ಕಂಪೋಸಿಶನ್ ಯೋಜನೆಯಲ್ಲಿರುವ ಅಂಗಡಿಕಾರರು ತೆರಿಗೆ ವಸೂಲಿ ಮಾಡುವಂತಿಲ್ಲ, ಕೊಳ್ಳುವ ಸಂಸ್ಥೆಗೆ ಜಮೆಯೂ ಸಿಗದು ಎಂಬುದನ್ನು ಮೊದಲೇ ಹೇಳುವುದು ಮರ್ಯಾದೆ.

ಬೆಲೆಯ ಏರಿಳಿತವು ಸಣ್ಣ ಅಂಗಡಿಯನ್ನು ಕಂಗೆಡಿಸುತ್ತದೆ, ನಿಜ. 2021ರಲ್ಲಿ ಚಿಪ್ಪುಗಳ ಕೊರತೆ ಹಾಗೂ ಕ್ರಿಪ್ಟೊ ಗಣಿಗಾರಿಕೆಯಿಂದ ಗ್ರಾಫಿಕ್ಸ್ ಕಾರ್ಡುಗಳು ಘೋಷಿತ ಬೆಲೆಯನ್ನು ಮೀರಿ ಮಾರಾಟವಾದವು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಮ್ ಜಾಲವು ಕಾರ್ಡುಗಳ ಗಣಿಗಾರಿಕೆಯನ್ನೇ ಕೈಬಿಟ್ಟಾಗ ಸರಕು ತುಂಬಿಕೊಂಡವರು ಕೈ ಸುಟ್ಟುಕೊಂಡರು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತ ಕೇಂದ್ರಗಳ ಬೇಡಿಕೆಯಿಂದ ಮೆಮೊರಿಯ ಬೆಲೆ ಜಿಗಿಯಿತು. ಮೈಕ್ರಾನ್ ಕಂಪನಿಯು ಬಿಡಿ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯವಹಾರವನ್ನೇ ನಿಲ್ಲಿಸುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಂಥ ಕಾಲದಲ್ಲಿ ಅಂಗಡಿಕಾರನು ದಾಸ್ತಾನು ಹಿಡಿಯುವ ಸಾಹಸ ಮಾಡಬೇಕಾಗಿಲ್ಲ. ಮುಂಗಡ ಪಡೆದು, ಬೆಲೆ ಎಷ್ಟು ದಿನ ಸ್ಥಿರವೆಂದು ಲಿಖಿತವಾಗಿ ಕೊಟ್ಟು, ಅಂದೇ ವಿತರಕರಿಂದ ತರಿಸಿದರೆ ಸಾಕು. ಸಾಮಾನ್ಯ ನೋಂದಣಿಯ ವರ್ತಕರು ಸರಕಿನ ಮುಂಗಡದ ಮೇಲೆ ಜಿಎಸ್‌ಟಿ ಕಟ್ಟಬೇಕಾದ ಅಗತ್ಯ 2017ರ ನವೆಂಬರಿನಿಂದ ಇಲ್ಲ. ಬಿಲ್ಲು ಹಾಕಿದಾಗ ಕಟ್ಟಿದರಾಯಿತು. ಈ ಸೌಲಭ್ಯವನ್ನು ಅರಿಯದೆ ಮುಂಗಡಕ್ಕೆ ರಸೀದಿಯನ್ನೇ ಕೊಡದಿರುವ ರೂಢಿ ಗಿರಾಕಿಯ ನಂಬಿಕೆಯನ್ನು ಕೆಡಿಸುತ್ತದೆ.

ವಾಣಿಜ್ಯ ಸಂಘವು ಸಹ ಈ ವ್ಯಾಪಾರವನ್ನು ಅಲಕ್ಷಿಸಬಾರದು. ಕಂಪ್ಯೂಟರ್ ವರ್ತಕರು ಒಟ್ಟುಗೂಡಿ ಒಂದು ಪರೀಕ್ಷಾ ಮೇಜನ್ನು ಇಟ್ಟುಕೊಂಡರೆ, ಅಂದರೆ ಸರಿಯಾದ ಅರ್ಥಿಂಗ್, ಒಂದು ಹೆಚ್ಚುವರಿ ಎಸ್‌ಎಂಪಿಎಸ್, ಒಂದಿಷ್ಟು ಮೆಮೊರಿ, ಬಯಾಸ್ ನವೀಕರಿಸುವ ಅನುಕೂಲ ಇಷ್ಟನ್ನು ಇಟ್ಟರೆ, ಕಪ್ಪು ಪರದೆಯೆದುರು ಕೂತ ಹವ್ಯಾಸಿಯು ಯಾವ ಭಾಗ ಕೆಟ್ಟಿದೆಯೆಂದು ಅರ್ಧ ಗಂಟೆಯಲ್ಲಿ ತಿಳಿಯಬಹುದು. ಬೇರೆಡೆ ಕೊಂಡ ಭಾಗವನ್ನು ಪರೀಕ್ಷಿಸಿಕೊಡುವುದಿಲ್ಲವೆಂಬ ಹಟ ಬಿಟ್ಟು ಅದಕ್ಕೆ ಶುಲ್ಕ ಪಡೆಯುವುದು ಮೇಲು. ಮುಂದಿನ ಭಾಗವನ್ನು ಆತ ಕೊಳ್ಳುವುದು ಆ ಮೇಜಿನ ಮುಂದೆಯೇ.

ಸ್ವಂತ ಹೆಸರಿನಲ್ಲಿ ಕೊಂಡದ್ದರ ಬೆಲೆ ಅರಿವಾಗುವುದು ಹಳೆಯ ಭಾಗವನ್ನು ಮಾರುವ ದಿನ. ಹವ್ಯಾಸಿಗಳು ಎರಡು ಮೂರು ವರ್ಷಕ್ಕೊಮ್ಮೆ ಗ್ರಾಫಿಕ್ಸ್ ಕಾರ್ಡನ್ನು ಬದಲಾಯಿಸುತ್ತಾರೆ. ಬಿಲ್ಲು, ಡಬ್ಬಿ, ಸೀರಿಯಲ್ ಸಂಖ್ಯೆ ಕೂಡಿದ್ದರೆ ಕೊಳ್ಳುವವನು ಉಳಿದ ವಾರಂಟಿಯ ಭರವಸೆಯಿಂದ ಹೆಚ್ಚು ಕೊಡುತ್ತಾನೆ. ಖಾಸಗಿ ವ್ಯಕ್ತಿ ತನ್ನ ಬಳಸಿದ ವಸ್ತುವನ್ನು ಮಾರಿದರೆ ಜಿಎಸ್‌ಟಿಯ ಮಾತಿಲ್ಲ. ಅದೇ ಕಾರ್ಡು ಸಂಸ್ಥೆಯ ಆಸ್ತಿಯಾಗಿದ್ದು ತೆರಿಗೆ ಜಮೆ ಪಡೆದಿದ್ದರೆ ಲೆಕ್ಕವೇ ಬೇರೆ. ಒಂದು ಲಕ್ಷಕ್ಕೆ ಕೊಂಡು 18,000 ರೂಪಾಯಿ ಜಮೆ ಪಡೆದ ಕಾರ್ಡನ್ನು ಎರಡು ವರ್ಷದ ನಂತರ 50,000ಕ್ಕೆ ಮಾರಿದರೆ, ತ್ರೈಮಾಸಿಕಕ್ಕೆ ಶೇಕಡಾ 5ರಂತೆ ಎಂಟು ತ್ರೈಮಾಸಿಕಗಳಿಗೆ ಶೇಕಡಾ 40 ಕಳೆದು ಉಳಿಯುವ 10,800 ರೂಪಾಯಿ, ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ 9,000 ರೂಪಾಯಿ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಸ್ನೇಹಿತನಿಗೆ ಹಳೆಯ ಕಾರ್ಡು ಕೊಟ್ಟ ಮಗನಿಗೆ ಈ ನಿಯಮ ತಿಳಿದಿರುವುದಿಲ್ಲ. ಸಂಸ್ಥೆಯ ಆಸ್ತಿ ಪಟ್ಟಿಯಲ್ಲಿ ಆ ಕಾರ್ಡು ಇನ್ನೂ ಇದ್ದೇ ಇರುತ್ತದೆ.